ನಿಯಾಸಿನ್: ಆಹಾರದಲ್ಲಿ ಜೀವಸತ್ವ, ಗ್ರಾಂ ಲೆಕ್ಕದಲ್ಲಿ ಔಷಧ

ಬೆಂಗಳೂರು: ಇಂದಿರಾನಗರದ ನೂರಡಿ ರಸ್ತೆಯ ಆಸುಪಾಸಿನಲ್ಲಿ ವ್ಯಾಯಾಮಶಾಲೆಗಳ ಜೊತೆಜೊತೆಗೇ ಪೂರಕ ಆಹಾರದ ಅಂಗಡಿಗಳೂ ತಲೆ ಎತ್ತಿವೆ. ಅಲ್ಲಿನ ಬಣ್ಣಬಣ್ಣದ ಡಬ್ಬಿಗಳ ಬೆನ್ನಿಗೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಹೆಸರುಗಳಲ್ಲಿ ‘ನಿಯಾಸಿನ್’ ಒಂದು. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಿಂದ ಹಿಡಿದು ಕೆ.ಆರ್. ಪುರದ ಸರ್ಕಾರಿ ಆಸ್ಪತ್ರೆಯವರೆಗೆ ಯಾವುದೇ ಔಷಧ ವಿತರಣಾ ಕಿಟಕಿಯಲ್ಲಿ ಸಿಗುವ ಸಾಧಾರಣ ಬಿ-ಕಾಂಪ್ಲೆಕ್ಸ್ ಮಾತ್ರೆಯಲ್ಲೂ ಇರುವುದು ಇದರದೇ ಒಂದು ರೂಪ. ಹೃದಯಾಘಾತ ತಡೆಯುವ ಔಷಧವೆಂದು ಒಂದು ಕಾಲದಲ್ಲಿ ಜಗತ್ತಿನಾದ್ಯಂತ ವೈದ್ಯರು ಬರೆದುಕೊಡುತ್ತಿದ್ದದ್ದೂ ಇದನ್ನೇ.

ಹೆಸರು ಒಂದೇ ಆದರೂ ಪ್ರಮಾಣ ಒಂದೇ ಅಲ್ಲ. ಕುಳಿತು ಕೆಲಸ ಮಾಡುವ ವಯಸ್ಕ ಪುರುಷನಿಗೆ ದಿನಕ್ಕೆ ಬೇಕಾದ ನಿಯಾಸಿನ್ ಸುಮಾರು 14 ಮಿಲಿಗ್ರಾಂ. ಕೊಲೆಸ್ಟ್ರಾಲ್ ನಿಯಂತ್ರಣಕ್ಕೆಂದು ನೀಡಲಾಗುತ್ತಿದ್ದ ಪ್ರಮಾಣ 1,000ದಿಂದ 2,000 ಮಿಲಿಗ್ರಾಂ, ಅಂದರೆ ಸುಮಾರು ಎಪ್ಪತ್ತರಿಂದ ನೂರ ನಲವತ್ತು ಪಟ್ಟು. ‘ವಿಟಮಿನ್ ತಾನೇ, ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ’ ಎಂಬ ಮಾತು ಮೊದಲನೆಯದಕ್ಕೆ ಬಹುಮಟ್ಟಿಗೆ ಸರಿ. ಎರಡನೆಯದಕ್ಕೆ ಅದೇ ಮಾತು ಅನ್ವಯಿಸಿದವರು ಕಾಮಾಲೆಯೊಂದಿಗೆ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕಗಳಲ್ಲಿ ಸಾಕಷ್ಟಿವೆ.

ಏನಿದು ನಿಯಾಸಿನ್?

ಬಿ ಗುಂಪಿನ ಮೂರನೆಯ ಜೀವಸತ್ವವೇ ನಿಯಾಸಿನ್. ಇದಕ್ಕೆ ಎರಡು ರೂಪಗಳಿವೆ. ಒಂದು ನಿಕೋಟಿನಿಕ್ ಆಮ್ಲ, ಇನ್ನೊಂದು ನಿಕೋಟಿನಮೈಡ್ (ಇದನ್ನೇ ನಿಯಾಸಿನಮೈಡ್ ಎಂದೂ ಕರೆಯುತ್ತಾರೆ). ಹೊಗೆಸೊಪ್ಪಿನ ನಿಕೋಟಿನ್‌ಗೂ ಇದಕ್ಕೂ ಹೆಸರಿನ ನಂಟು ಬಿಟ್ಟರೆ ಪರಿಣಾಮದಲ್ಲಿ ಸಂಬಂಧವಿಲ್ಲ. ಆ ಗೊಂದಲ ತಪ್ಪಿಸಲೆಂದೇ 1940ರ ದಶಕದಲ್ಲಿ ‘ನಿಯಾಸಿನ್’ ಎಂಬ ಹೊಸ ಹೆಸರು ಬಳಕೆಗೆ ಬಂತು.

ಉಂಡ ಅನ್ನ, ಮುದ್ದೆ, ರೊಟ್ಟಿಯನ್ನು ದೇಹ ಶಕ್ತಿಯಾಗಿ ಪರಿವರ್ತಿಸಿಕೊಳ್ಳುವ ರಾಸಾಯನಿಕ ಕ್ರಿಯೆಗಳಿಗೆ ನಿಯಾಸಿನ್‌ನಿಂದ ತಯಾರಾಗುವ ಸಹಕಿಣ್ವಗಳು ಬೇಕೇಬೇಕು. ಜೀವಸತ್ವವಾಗಿ ಎರಡೂ ರೂಪಗಳು ಸಮಾನ. ಹೆಚ್ಚಿನ ಪ್ರಮಾಣದಲ್ಲಿ ಮಾತ್ರ ಇವುಗಳ ದಾರಿ ಬೇರೆಯಾಗುತ್ತದೆ. ಮೈ ಉರಿಸುವುದು ಹಾಗೂ ರಕ್ತದ ಕೊಬ್ಬಿನ ಮೇಲೆ ಪರಿಣಾಮ ಬೀರುವುದು ನಿಕೋಟಿನಿಕ್ ಆಮ್ಲ. ನಿಕೋಟಿನಮೈಡ್‌ಗೆ ಈ ಎರಡು ಗುಣಗಳೂ ಇಲ್ಲ. ಡಬ್ಬಿಯ ಮೇಲೆ ಯಾವುದು ಅಚ್ಚಾಗಿದೆ ಎಂದು ನೋಡದೆ ಕೊಳ್ಳುವವರೇ ಹೆಚ್ಚು ಎಂಬುದು ಈ ವಿಷಯದಲ್ಲಿನ ಅರ್ಧ ತೊಂದರೆ.

ತಟ್ಟೆಯಲ್ಲಿ ಎಷ್ಟಿದೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನ ಪ್ರಕಾರ, ಕುಳಿತು ಕೆಲಸ ಮಾಡುವ ಪುರುಷನಿಗೆ ದಿನಕ್ಕೆ 14, ಮಹಿಳೆಗೆ 11 ಮಿಲಿಗ್ರಾಂ ನಿಯಾಸಿನ್ ಬೇಕು. ಮೈಮುರಿದು ದುಡಿಯುವವರಿಗೆ ಇದು ಕ್ರಮವಾಗಿ 23 ಮತ್ತು 18 ಮಿಲಿಗ್ರಾಂಗೆ ಏರುತ್ತದೆ. ಗರ್ಭಿಣಿಯರಿಗೆ ಹಾಗೂ ಹಾಲೂಡಿಸುವ ತಾಯಂದಿರಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕಾಗುತ್ತದೆ.

ಇದನ್ನು ಆಹಾರದಿಂದಲೇ ಪಡೆಯುವುದು ಕಷ್ಟವಲ್ಲ. ರಸೆಲ್ ಮಾರುಕಟ್ಟೆಯಲ್ಲಿ ದೊರೆಯುವ ಕೋಳಿ, ಮೀನು, ಕುರಿಯ ಈಲಿ ಎಲ್ಲವೂ ನಿಯಾಸಿನ್‌ನ ಸಮೃದ್ಧ ಮೂಲಗಳು. ಸಸ್ಯಾಹಾರಿಗಳಿಗೆ ಕಡಲೆಕಾಯಿಯೇ ದೊಡ್ಡ ಆಸರೆ. ನೂರು ಗ್ರಾಂ ಕಡಲೆಕಾಯಿ ಬೀಜದಲ್ಲಿ 12 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ನಿಯಾಸಿನ್ ಇರುತ್ತದೆ. ಒಂದು ಹಿಡಿ ತಿಂದರೆ ದಿನದ ಅಗತ್ಯದ ಕಾಲು ಭಾಗ ಸಿಕ್ಕಂತೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಗಿಂತ ಕುಸುಬಲಕ್ಕಿಯಲ್ಲಿ ಇದರ ಅಂಶ ಹೆಚ್ಚು. ಭತ್ತವನ್ನು ಸಿಪ್ಪೆಸಹಿತ ಬೇಯಿಸುವಾಗ ತೌಡಿನಲ್ಲಿರುವ ಜೀವಸತ್ವ ಕಾಳಿನ ಒಳಕ್ಕೆ ಇಳಿಯುವುದೇ ಇದಕ್ಕೆ ಕಾರಣ.

ರಾಗಿಯ ವಿಷಯದಲ್ಲಿ ಓದುಗರಿಗೆ ಸ್ವಲ್ಪ ನಿರಾಸೆಯಾಗಬಹುದು. ಸುಣ್ಣದ ಅಂಶದಲ್ಲಿ ರಾಗಿಗೆ ಸಾಟಿಯಿಲ್ಲ, ಆದರೆ ಅದರಲ್ಲಿ ನಿಯಾಸಿನ್ ಹೆಚ್ಚಿಲ್ಲ. ನೂರು ಗ್ರಾಂಗೆ ಸುಮಾರು ಒಂದು ಮಿಲಿಗ್ರಾಂ ಮಾತ್ರ. ಹಾಗಿದ್ದೂ ಮುದ್ದೆ ಉಣ್ಣುವವರಿಗೆ ಕೊರತೆ ಬಾಧಿಸದಿರಲು ಕಾರಣ, ದೇಹ ಪ್ರೋಟೀನಿನಲ್ಲಿರುವ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದಲೂ ನಿಯಾಸಿನ್ ತಯಾರಿಸಿಕೊಳ್ಳಬಲ್ಲದು. ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫ್ಯಾನ್‌ಗೆ ಒಂದು ಮಿಲಿಗ್ರಾಂ ನಿಯಾಸಿನ್ ಎಂಬುದು ಲೆಕ್ಕ. ಮುದ್ದೆಯ ಜೊತೆ ಹುರುಳಿ ಸಾರು, ಅವರೆಕಾಳು, ಬಸ್ಸಾರು, ಮೊಟ್ಟೆ, ಮೊಸರು ಇದ್ದರೆ ಆ ಲೆಕ್ಕ ತಾನಾಗಿಯೇ ಸರಿಹೋಗುತ್ತದೆ. ಬರಿಯ ಮುದ್ದೆಗೆ ಉಪ್ಪು ಮೆಣಸಿನಕಾಯಿ ನೆಂಚಿಕೊಂಡು ದಿನ ದೂಡುವವರ ಮಾತು ಬೇರೆ.

ಇನ್ನೊಂದು ಮೂಲ ಬಹಳ ಮಂದಿಗೆ ಗೊತ್ತಿಲ್ಲ. ಹಸಿ ಕಾಫಿ ಬೀಜದಲ್ಲಿರುವ ಟ್ರೈಗೊನೆಲಿನ್ ಎಂಬ ವಸ್ತುವಿನ ಒಂದು ಪಾಲು ಹುರಿಯುವ ಬಿಸಿಗೆ ನಿಕೋಟಿನಿಕ್ ಆಮ್ಲವಾಗಿ ಬದಲಾಗುತ್ತದೆ. ಬೀಜವನ್ನು ಎಷ್ಟು ಗಾಢವಾಗಿ ಹುರಿದರೆ ಅಷ್ಟು ಹೆಚ್ಚು. ಒಂದು ಲೋಟ ಕಾಫಿಯಲ್ಲಿ ಒಂದರಿಂದ ಮೂರು ಮಿಲಿಗ್ರಾಂ ನಿಯಾಸಿನ್ ಇರಬಹುದು. ಚಿಕೋರಿ ಬೆರಕೆ ಹೆಚ್ಚಾದಷ್ಟೂ ಇದು ತಗ್ಗುತ್ತದೆ. ಹಾಗೆಂದು ಕಾಫಿಯನ್ನೇ ಔಷಧವೆಂದು ಕುಡಿಯಬೇಕಾಗಿಲ್ಲ. ಹಲಸೂರಿನ ಕಾಫಿಪುಡಿ ಅಂಗಡಿಯ ಮುಂದೆ ಹಾಯುವಾಗ ಬರುವ ಆ ಪರಿಮಳದ ಹಿಂದೆ ಒಂದು ಜೀವಸತ್ವವೂ ಹುಟ್ಟುತ್ತಿರುತ್ತದೆ ಎಂಬುದು ಮಾತ್ರ ನಿಜ.

ಜೋಳದ ಸೀಮೆ ಕಲಿಸಿದ ಪಾಠ

ನಿಯಾಸಿನ್ ಕೊರತೆಯಿಂದ ಬರುವ ಕಾಯಿಲೆ ಪೆಲಗ್ರಾ. ಇಟಲಿಯ ಭಾಷೆಯಲ್ಲಿ ಒರಟು ಚರ್ಮ ಎಂದು ಇದರ ಅರ್ಥ. 1735ರಲ್ಲಿ ಸ್ಪೇನಿನ ವೈದ್ಯ ಗ್ಯಾಸ್ಪರ್ ಕಸಾಲ್ ಮೆಕ್ಕೆಜೋಳವನ್ನೇ ನಂಬಿದ್ದ ಬಡ ರೈತರಲ್ಲಿ ಇದನ್ನು ಗುರುತಿಸಿದ. ಕುತ್ತಿಗೆಯ ಸುತ್ತ ಹಾರದಂತೆ ಕಾಣಿಸಿಕೊಳ್ಳುವ ಗಾಯದ ಪಟ್ಟಿಗೆ ಈಗಲೂ ‘ಕಸಾಲನ ಕಂಠಹಾರ’ ಎಂದೇ ಹೆಸರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇದು ಪಿಡುಗಿನಂತೆ ಹಬ್ಬಿದಾಗ ಸೋಂಕು ರೋಗವೆಂದೇ ಹೆಚ್ಚಿನವರು ನಂಬಿದ್ದರು. ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ಸರ್ಕಾರಿ ವೈದ್ಯ ಅದನ್ನು ಒಪ್ಪಲಿಲ್ಲ. 1915ರಲ್ಲಿ ಮಿಸಿಸಿಪಿಯ ಕೈದಿಗಳಿಗೆ ಬಿಡುಗಡೆಯ ಭರವಸೆಯ ಮೇಲೆ ಮೆಕ್ಕೆಜೋಳ ಪ್ರಧಾನವಾದ ಬಡ ಆಹಾರ ಕೊಟ್ಟು ರೋಗ ಬರುವುದನ್ನು ತೋರಿಸಿದ. ಸೋಂಕಿನ ವಾದ ಸುಳ್ಳೆಂದು ಸಾಬೀತುಪಡಿಸಲು ರೋಗಿಗಳ ರಕ್ತವನ್ನು ತನಗೇ ಚುಚ್ಚಿಸಿಕೊಂಡ. ಕೊರತೆಯಾಗಿದ್ದ ವಸ್ತು ನಿಕೋಟಿನಿಕ್ ಆಮ್ಲವೆಂದು 1937ರಲ್ಲಿ ಕಾನ್ರಾಡ್ ಎಲ್ವೆಜೆಮ್ ಪತ್ತೆ ಮಾಡುವ ಹೊತ್ತಿಗೆ ಗೋಲ್ಡ್‌ಬರ್ಗರ್ ಬದುಕಿರಲಿಲ್ಲ.

ಮೆಕ್ಕೆಜೋಳದಲ್ಲಿ ನಿಯಾಸಿನ್ ಇಲ್ಲದಿಲ್ಲ. ಆದರೆ ಅದು ದೇಹಕ್ಕೆ ದಕ್ಕದಂತೆ ಬಂಧಿತವಾಗಿರುತ್ತದೆ. ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸಿದರೆ ಆ ಬಂಧ ಕಳಚುತ್ತದೆ. ಮೆಕ್ಸಿಕೊದ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಮಾಡುತ್ತಿದ್ದುದು ಇದನ್ನೇ. ಬೆಳೆಯನ್ನು ಕೊಂಡೊಯ್ದ ಯುರೋಪಿಯನ್ನರು ಅಡುಗೆಯ ಕ್ರಮವನ್ನು ಅಲ್ಲಿಯೇ ಬಿಟ್ಟುಬಂದರು.

ನಮ್ಮ ಕಥೆ ಇದಕ್ಕಿಂತ ಭಿನ್ನ. ದಕ್ಷಿಣ ಭಾರತದಲ್ಲಿ ಪೆಲಗ್ರಾ ಕಂಡದ್ದು ಮೆಕ್ಕೆಜೋಳ ತಿನ್ನುವವರಲ್ಲಲ್ಲ, ದಖ್ಖನ್ನಿನ ಬಿಳಿಜೋಳ ತಿನ್ನುವ ಬಡವರಲ್ಲಿ. ಕೂನೂರಿನಿಂದ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡ ಪೋಷಣಾ ಸಂಶೋಧನಾ ಪ್ರಯೋಗಾಲಯದ (ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ) ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಇದನ್ನು ಕೂಲಂಕಷವಾಗಿ ಪರಿಶೀಲಿಸಿದರು. ಜೋಳದ ನಿಯಾಸಿನ್ ಮೆಕ್ಕೆಜೋಳದಂತೆ ಬಂಧಿತವಲ್ಲ, ಟ್ರಿಪ್ಟೊಫ್ಯಾನ್ ಕೂಡ ತೀರಾ ಕಡಿಮೆಯಿಲ್ಲ. ಹಾಗಿದ್ದರೂ ರೋಗವೇಕೆ? ಜೋಳದಲ್ಲಿ ವಿಪರೀತವಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲ, ಟ್ರಿಪ್ಟೊಫ್ಯಾನ್ ನಿಯಾಸಿನ್ ಆಗುವ ದಾರಿಗೆ ಅಡ್ಡ ಬರುತ್ತದೆ ಎಂದು ಅವರು 1960ರಲ್ಲಿ ‘ಲ್ಯಾನ್ಸೆಟ್’ ನಿಯತಕಾಲಿಕದಲ್ಲಿ ಮಂಡಿಸಿದರು. ಈ ವಾದವನ್ನು ಎಲ್ಲ ವಿಜ್ಞಾನಿಗಳೂ ಒಪ್ಪಲಿಲ್ಲ, ಬೇರೆಡೆಯ ಪ್ರಯೋಗಗಳು ಭಿನ್ನ ಫಲಿತಾಂಶವನ್ನೂ ಕೊಟ್ಟವು. ಆದರೆ ರೋಗವಂತೂ ನಿಜವಾಗಿತ್ತು. ಕೆಲವು ತಿಂಗಳುಗಳಲ್ಲಿ ಹೈದರಾಬಾದಿನ ಮಾನಸಿಕ ಆಸ್ಪತ್ರೆಗೆ ದಾಖಲಾಗುತ್ತಿದ್ದವರಲ್ಲಿಯೂ ಪೆಲಗ್ರಾ ಪೀಡಿತರು ಇರುತ್ತಿದ್ದರು.

ಕಲಬುರಗಿ, ರಾಯಚೂರು, ವಿಜಯಪುರದ ಓದುಗರು ಇದನ್ನು ಓದಿ ರೊಟ್ಟಿ ಬಿಡಬೇಕಾಗಿಲ್ಲ. ರೋಗ ಬಂದದ್ದು ಜೋಳ ತಿಂದದ್ದಕ್ಕಲ್ಲ, ಜೋಳವನ್ನು ಬಿಟ್ಟು ಬೇರೇನೂ ದಕ್ಕದಿದ್ದುದಕ್ಕೆ. ರೊಟ್ಟಿಯ ಜೊತೆ ಶೇಂಗಾ ಚಟ್ನಿ, ಮಡಿಕೆ ಕಾಳಿನ ಪಲ್ಯ, ಮೊಸರು, ಹಸಿ ತಪ್ಪಲು ಸೇರಿದ ಉತ್ತರ ಕರ್ನಾಟಕದ ಊಟಕ್ಕೆ ಆ ಅಪಾಯವಿಲ್ಲ. ಶೇಂಗಾ ಹಿಂಡಿ ರುಚಿಗಷ್ಟೇ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ನಗರದಲ್ಲಿ ಈಗ ಯಾರಿಗೆ?

ಆಹಾರದಲ್ಲಿ ವೈವಿಧ್ಯ ಹೆಚ್ಚಿದಂತೆ ಹಳೆಯ ಬಗೆಯ ಪೆಲಗ್ರಾ ವಿರಳವಾಯಿತು. ಇಂದು ನಗರದ ವೈದ್ಯರು ಇದನ್ನು ಕಾಣುವುದು ಮುಖ್ಯವಾಗಿ ಊಟ ಬಿಟ್ಟು ಕುಡಿಯುವ ಮದ್ಯವ್ಯಸನಿಗಳಲ್ಲಿ. ಮದ್ಯದಿಂದ ಕ್ಯಾಲೊರಿ ಸಿಗುತ್ತದೆ, ಹಸಿವು ಸಾಯುತ್ತದೆ, ಕರುಳಿನಲ್ಲಿ ಜೀವಸತ್ವ ಹೀರಿಕೆ ಕುಗ್ಗುತ್ತದೆ.

ಪೆಲಗ್ರಾದ ಲಕ್ಷಣಗಳು ಮೂರು. ಬಿಸಿಲಿಗೆ ತೆರೆದುಕೊಂಡ ಚರ್ಮ ಸುಟ್ಟಂತಾಗುವುದು, ಭೇದಿ, ಬುದ್ಧಿಭ್ರಮೆ. ಚಿಕಿತ್ಸೆ ದೊರೆಯದಿದ್ದರೆ ನಾಲ್ಕನೆಯದು ಸಾವು. ನಮ್ಮ ಮೈಬಣ್ಣದವರಲ್ಲಿ ಚರ್ಮ ಕೆಂಪಗಾಗುವುದಕ್ಕಿಂತ ಕಪ್ಪಾಗಿ, ದಪ್ಪಗಾಗಿ, ಬಿರುಕು ಬಿಡುವುದೇ ಹೆಚ್ಚು. ಕೈಯ ಹಿಂಭಾಗ, ಪಾದದ ಮೇಲ್ಭಾಗ, ಕುತ್ತಿಗೆಯಲ್ಲಿ ಎರಡೂ ಬದಿ ಒಂದೇ ತೆರನಾಗಿ ಇದು ಕಾಣಿಸುತ್ತದೆ. ಅಂಗಿಯ ತೋಳು ಮುಗಿಯುವಲ್ಲಿ ಗೆರೆ ಕೊರೆದಂತೆ ನಿಲ್ಲುತ್ತದೆ. ಕೆ.ಆರ್. ಪುರದಿಂದಾಚೆ ಏಳುತ್ತಿರುವ ಬಹುಮಹಡಿ ಕಟ್ಟಡಗಳಲ್ಲಿ ಬಿಸಿಲಿಗೆ ಮೈಯೊಡ್ಡಿ ದುಡಿಯುವ ಕಾರ್ಮಿಕನೊಬ್ಬನಿಗೆ ಇದು ಬಂದರೆ ‘ಬಿಸಿಲಿಗೆ ಸುಟ್ಟಿದೆ’, ‘ಸಿಮೆಂಟ್ ಅಲರ್ಜಿ’ ಎಂದು ತಳ್ಳಿಹಾಕುವುದು ಸುಲಭ. ಆತ ಅಸಂಬದ್ಧವಾಗಿ ಮಾತನಾಡತೊಡಗಿದರೆ ‘ಕುಡಿತ ತಲೆಗೇರಿದೆ’ ಎನ್ನುವವರೇ ಎಲ್ಲ. ಮದ್ಯವ್ಯಸನಿಗಳಲ್ಲಿ ಚರ್ಮದ ಲಕ್ಷಣವೇ ಇಲ್ಲದೆ ನೇರವಾಗಿ ಗೊಂದಲ, ನಡುಕ, ಮೈ ಬಿಗಿತ ಕಾಣಿಸಿಕೊಳ್ಳುವುದೂ ಉಂಟು.

ಎರಡನೆಯ ಗುಂಪು ಕ್ಷಯರೋಗಕ್ಕೆ ಐಸೊನಿಯಾಜಿಡ್ ಮಾತ್ರೆ ಸೇವಿಸುತ್ತಿರುವವರು. ಈ ಔಷಧ ಬಿ6 ಜೀವಸತ್ವದ ಕೆಲಸಕ್ಕೆ ಅಡ್ಡಿಪಡಿಸುತ್ತದೆ. ಬಿ6 ಇಲ್ಲದೆ ಟ್ರಿಪ್ಟೊಫ್ಯಾನ್ ನಿಯಾಸಿನ್ ಆಗದು. ಅಪೌಷ್ಟಿಕತೆ, ಮದ್ಯಪಾನ, ಮಧುಮೇಹ ಅಥವಾ ಗರ್ಭಾವಸ್ಥೆ ಇರುವವರಿಗೆ ವೈದ್ಯರು ಜೊತೆಗೆ ಬಿ6 ಕೊಡುವುದು ಐಸೊನಿಯಾಜಿಡ್‌ನಿಂದ ನರಗಳಿಗೆ ಆಗುವ ಹಾನಿ ತಡೆಯಲು. ಅಷ್ಟಾದರೂ ಪೆಲಗ್ರಾ ಕಾಣಿಸಿಕೊಂಡರೆ ಬಿ6 ಒಂದೇ ಸಾಲದು, ನಿಕೋಟಿನಮೈಡ್ ಬೇಕು. ಚರ್ಮ ಕಪ್ಪಾಯಿತೆಂದು ಕ್ಷಯದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಪೆಲಗ್ರಾಕ್ಕಿಂತ ದೊಡ್ಡ ಅಪಾಯ. ಮೊದಲು ವೈದ್ಯರಿಗೆ ತೋರಿಸಬೇಕು. ಅಪಸ್ಮಾರದ ಕೆಲವು ಔಷಧಗಳು, ದೀರ್ಘಕಾಲದ ಕರುಳಿನ ಕಾಯಿಲೆ, ತೂಕ ಇಳಿಸುವ ಶಸ್ತ್ರಚಿಕಿತ್ಸೆ ಇವೂ ಕಾರಣಗಳ ಪಟ್ಟಿಯಲ್ಲಿವೆ.

ಚಿಕಿತ್ಸೆ ಅಗ್ಗ, ಫಲ ಶೀಘ್ರ. ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿರುವುದು ದಿನಕ್ಕೆ 300 ಮಿಲಿಗ್ರಾಂ ನಿಕೋಟಿನಮೈಡ್, ಹಲವು ಬಾರಿಗೆ ಹಂಚಿ, ಮೂರ್ನಾಲ್ಕು ವಾರ. ಬುದ್ಧಿಯ ಗೊಂದಲ ಕೆಲವೇ ದಿನಗಳಲ್ಲಿ ತಿಳಿಯಾಗತೊಡಗುತ್ತದೆ, ಚರ್ಮಕ್ಕೆ ವಾರಗಳು ಬೇಕು. ಒಂದು ಜೀವಸತ್ವ ಕೊರತೆಯಾದವರಿಗೆ ಉಳಿದ ಬಿ ಜೀವಸತ್ವಗಳೂ ಕೊರತೆಯಾಗಿರುವುದರಿಂದ ಅವುಗಳನ್ನೂ, ಮದ್ಯವ್ಯಸನಿಗಳಿಗೆ ಮುಖ್ಯವಾಗಿ ಥಯಾಮಿನ್ (ಬಿ1) ಅನ್ನೂ, ಕೊಡಲಾಗುತ್ತದೆ. ಶಿವಾಜಿನಗರದ ಬೌರಿಂಗ್, ಇಂದಿರಾನಗರದ ಸರ್ ಸಿ.ವಿ. ರಾಮನ್ ಜನರಲ್ ಆಸ್ಪತ್ರೆಯಂತಹ ಸರ್ಕಾರಿ ಆಸ್ಪತ್ರೆಗಳ ಹೊರರೋಗಿ ವಿಭಾಗಕ್ಕೆ ಹೋಗಬಹುದು. ಕುಡಿತ ಬಿಡಿಸುವ ಚಿಕಿತ್ಸೆಗೆ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ವಿಭಾಗವಿದೆ. ವೈದ್ಯರ ಮುಂದೆ ಕುಡಿತದ ಪ್ರಮಾಣವನ್ನು ಮುಚ್ಚಿಡದೆ ಹೇಳಿದರೆ ಅರ್ಧ ರೋಗನಿರ್ಣಯ ಆದಂತೆ.

ಕೊಲೆಸ್ಟ್ರಾಲ್ ಔಷಧದ ಏರಿಳಿತ

ಅಧಿಕ ಪ್ರಮಾಣದ ನಿಕೋಟಿನಿಕ್ ಆಮ್ಲ ರಕ್ತದ ಕೊಲೆಸ್ಟ್ರಾಲ್ ಇಳಿಸುತ್ತದೆ ಎಂಬುದು 1955ರಲ್ಲಿ ಕೆನಡಾದಲ್ಲಿ ಪತ್ತೆಯಾಯಿತು. ‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನಲಾಗುವ ಎಚ್‌ಡಿಎಲ್ ಅನ್ನು ಏರಿಸುವಲ್ಲಿ ಇದರಷ್ಟು ಸಮರ್ಥವಾದ ಮಾತ್ರೆ ಬೇರೆ ಇರಲಿಲ್ಲ. ಭಾರತೀಯರಲ್ಲಿ ಎಚ್‌ಡಿಎಲ್ ಕಡಿಮೆ, ಟ್ರೈಗ್ಲಿಸರೈಡ್ ಹೆಚ್ಚು ಇರುವುದು ಸಾಮಾನ್ಯವಾದ್ದರಿಂದ ಇಲ್ಲಿನ ವೈದ್ಯರಿಗೂ ಇದು ಹೇಳಿಮಾಡಿಸಿದಂತೆ ತೋರಿತು. ಸ್ಟ್ಯಾಟಿನ್ ಜೊತೆ ನಿಯಾಸಿನ್ ಬೆರೆಸಿದ ಮಾತ್ರೆಗಳೂ ಮಾರುಕಟ್ಟೆಗೆ ಬಂದವು.

ಎರಡು ದೊಡ್ಡ ಪರೀಕ್ಷೆಗಳು ಈ ನಂಬಿಕೆಯನ್ನು ಅಲುಗಾಡಿಸಿದವು. ಅಮೆರಿಕ ಮತ್ತು ಕೆನಡಾದಲ್ಲಿ 3,414 ಹೃದ್ರೋಗಿಗಳ ಮೇಲೆ ನಡೆದ ‘ಏಮ್-ಹೈ’ ಅಧ್ಯಯನವನ್ನು, ಸ್ಟ್ಯಾಟಿನ್‌ಗೆ ನಿಯಾಸಿನ್ ಸೇರಿಸಿದ್ದರಿಂದ ಹೆಚ್ಚುವರಿ ಲಾಭ ಕಾಣದ ಕಾರಣ 2011ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಬ್ರಿಟನ್, ಸ್ಕ್ಯಾಂಡಿನೇವಿಯ ಮತ್ತು ಚೀನಾದ 25,673 ರೋಗಿಗಳನ್ನು ಸುಮಾರು ನಾಲ್ಕು ವರ್ಷ ಗಮನಿಸಿದ ‘ಎಚ್‌ಪಿಎಸ್2-ಥ್ರೈವ್’ ಅಧ್ಯಯನದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಅದರಲ್ಲಿ ಬಳಸಿದ್ದು ದಿನಕ್ಕೆ 2 ಗ್ರಾಂ ನಿಯಾಸಿನ್, ಜೊತೆಗೆ ಮೈಯುರಿ ತಡೆಯುವ ಇನ್ನೊಂದು ಔಷಧ. ಎಚ್‌ಡಿಎಲ್ ಏರಿತು, ಹೃದಯಾಘಾತ ಗಣನೀಯವಾಗಿ ಇಳಿಯಲಿಲ್ಲ. ಬದಲಿಗೆ ಹೊಸದಾಗಿ ಮಧುಮೇಹ ಬಂದವರು, ಇದ್ದ ಮಧುಮೇಹ ಹತೋಟಿ ತಪ್ಪಿದವರು, ರಕ್ತಸ್ರಾವ ಹಾಗೂ ಸೋಂಕಿಗೆ ಒಳಗಾದವರ ಸಂಖ್ಯೆ ಹೆಚ್ಚಿತು. ಯುರೋಪಿನಲ್ಲಿ ಆ ಜೋಡಿ ಔಷಧದ ಮಾರಾಟ 2013ರಲ್ಲೇ ನಿಂತಿತ್ತು. ಸ್ಟ್ಯಾಟಿನ್ ಜೊತೆಗಿನ ಬಳಕೆಗೆ ಇದ್ದ ಅನುಮತಿಯನ್ನು ಅಮೆರಿಕದ ಔಷಧ ನಿಯಂತ್ರಕರು 2016ರಲ್ಲಿ ಹಿಂತೆಗೆದುಕೊಂಡರು.

ರಕ್ತಪರೀಕ್ಷೆಯ ಹಾಳೆಯಲ್ಲಿ ಅಂಕಿ ಸರಿಹೋಯಿತೆಂದ ಮಾತ್ರಕ್ಕೆ ಹೃದಯ ಉಳಿಯಿತೆಂದಲ್ಲ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ಔಷಧ ಬೇರೊಂದಿಲ್ಲ. ದಕ್ಷಿಣ ಏಷ್ಯಾದವರಲ್ಲಿ ಹೆಚ್ಚಾಗಿ ಕಾಣುವ ಲಿಪೊಪ್ರೋಟೀನ್-ಎ ಅಂಶವನ್ನೂ ನಿಯಾಸಿನ್ ಇಳಿಸುತ್ತದೆ. ಆದರೆ ಅದರಿಂದ ಹೃದಯಾಘಾತ ತಪ್ಪುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಹಳೆಯ ಚೀಟಿಯ ಆಧಾರದಲ್ಲಿ ವರ್ಷಗಟ್ಟಲೆ ಇಂತಹ ಮಾತ್ರೆ ನುಂಗುತ್ತಿರುವ ಹಿರಿಯರು ಮನೆಯಲ್ಲಿದ್ದರೆ ಆ ಚೀಟಿಯನ್ನು ಮತ್ತೊಮ್ಮೆ ವೈದ್ಯರಿಗೆ ತೋರಿಸುವುದು ಲೇಸು.

ನುಂಗಿದರೆ ಏನಾಗುತ್ತದೆ?

ನಿಕೋಟಿನಿಕ್ ಆಮ್ಲ 30ರಿಂದ 50 ಮಿಲಿಗ್ರಾಂ ದಾಟಿದರೆ ಹಲವರಿಗೆ ಮುಖ, ಕಿವಿ, ಕುತ್ತಿಗೆ, ಎದೆ ಕಾವೇರಿ ಉರಿಯುತ್ತವೆ. ವೈದ್ಯರು ಇದನ್ನು ‘ಫ್ಲಶ್’ ಎನ್ನುತ್ತಾರೆ. ಚರ್ಮದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ಬಿಡುಗಡೆಯಾಗಿ ರಕ್ತನಾಳಗಳು ಹಿಗ್ಗುವುದೇ ಕಾರಣ. ಕಂದು ಚರ್ಮದಲ್ಲಿ ಕೆಂಪು ಎದ್ದು ಕಾಣದು, ಉರಿ ಮತ್ತು ತುರಿಕೆ ಮಾತ್ರ ಗೊತ್ತಾಗುತ್ತದೆ. ಹೆಚ್ಚಾಗಿ ಒಂದೆರಡು ತಾಸಿನಲ್ಲಿ ತಣಿಯುತ್ತದೆ. ಬಿಸಿ ಕಾಫಿ ಅಥವಾ ಮದ್ಯದೊಂದಿಗೆ ಸೇವಿಸಿದರೆ ಉರಿ ಹೆಚ್ಚು. ಈ ವರದಿಗಾರನೂ ಒಮ್ಮೆ ವ್ಯಾಯಾಮದ ಗೆಳೆಯರ ಮಾತು ಕೇಳಿ ಇಂತಹ ಪುಡಿಯನ್ನು ನೀರಿಗೆ ಬೆರೆಸಿ ಕುಡಿದು, ಕಿವಿಗಳು ಕಾದ ಹೆಂಚಿನಂತಾಗಿ ಅರ್ಧ ತಾಸು ಫ್ಯಾನಿನ ಕೆಳಗೆ ಕುಳಿತದ್ದುಂಟು. ‘ಪುಡಿ ಕೆಲಸ ಮಾಡುತ್ತಿದೆ’ ಎಂದು ಗೆಳೆಯರು ಸಂಭ್ರಮಿಸಿದರು. ಕೆಲಸ ಮಾಡಿದ್ದು ಚರ್ಮದ ರಕ್ತನಾಳ ಮಾತ್ರ, ಸ್ನಾಯುವಿಗೆ ಅದರಿಂದ ಲಾಭವಿಲ್ಲ.

ಉರಿ ಅಪಾಯಕಾರಿಯಲ್ಲ. ನಿಜವಾದ ಅಪಾಯ ಲಿವರಿಗೆ. ಉರಿ ತಪ್ಪಿಸಲೆಂದು ನಿಧಾನವಾಗಿ ಕರಗುವಂತೆ ತಯಾರಿಸಿದ ಮಾತ್ರೆಗಳಲ್ಲೇ ಲಿವರ್ ಹಾನಿ ಹೆಚ್ಚು ಎಂಬುದು ವಿಪರ್ಯಾಸ. ತಕ್ಷಣ ಕರಗುವ ಮಾತ್ರೆಯಿಂದ ನಿಧಾನ ಮಾತ್ರೆಗೆ ಅದೇ ಪ್ರಮಾಣದಲ್ಲಿ ಬದಲಾಯಿಸಿಕೊಂಡವರೂ ತೊಂದರೆಗೆ ಸಿಲುಕಿದ್ದಾರೆ. ‘ಉರಿಯಿಲ್ಲದ ನಿಯಾಸಿನ್’ ಹೆಸರಿನಲ್ಲಿ ಮಾರುವ ಇನೊಸಿಟಾಲ್ ನಿಕೋಟಿನೇಟ್‌ನಿಂದ ಕೊಲೆಸ್ಟ್ರಾಲ್ ಇಳಿಯುವುದೂ ಅಷ್ಟಕ್ಕಷ್ಟೆ.

ಇದಲ್ಲದೆ ರಕ್ತದ ಸಕ್ಕರೆ ಮತ್ತು ಯೂರಿಕ್ ಆಮ್ಲ ಏರುತ್ತವೆ. ಹಾಗಾಗಿ ಮಧುಮೇಹಿಗಳು ಹಾಗೂ ಗೌಟ್ ಸಂಧಿವಾತದವರು ದೂರವಿರುವುದು ಒಳಿತು. ಲಿವರ್ ಕಾಯಿಲೆ, ಜಠರದ ಹುಣ್ಣು ಇರುವವರಿಗೆ ಇದು ಸಲ್ಲದು. ರಕ್ತದೊತ್ತಡದ ಮಾತ್ರೆ ಸೇವಿಸುವವರಿಗೆ ಒತ್ತಡ ಥಟ್ಟನೆ ಕುಸಿದು ತಲೆ ಸುತ್ತಬಹುದು. ಸ್ಟ್ಯಾಟಿನ್ ಜೊತೆಗೆ ಸ್ನಾಯು ಹಾನಿಯ ಸಂಭವ ಹೆಚ್ಚುತ್ತದೆ. ಗರ್ಭಿಣಿಯರು ಗ್ರಾಂ ಲೆಕ್ಕದ ಪ್ರಮಾಣವನ್ನು ಮುಟ್ಟಲೇಬಾರದು. ದೇಹದಲ್ಲಿ ಹೆಚ್ಚಾದ ನಿಯಾಸಿನ್ ವಿಘಟನೆಯಾಗಿ ಉಂಟಾಗುವ ಒಂದು ವಸ್ತುವಿಗೂ ರಕ್ತನಾಳದ ಉರಿಯೂತಕ್ಕೂ ನಂಟಿದೆ ಎಂದು 2024ರಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ಪ್ರಕಟವಾದ ಸಂಶೋಧನೆ ಹೇಳಿದೆ. ಇದು ಅಂತಿಮ ತೀರ್ಪಲ್ಲವಾದರೂ ಸುಮ್ಮನೆ ನುಂಗುವವರು ಗಮನಿಸಬೇಕಾದ ಸಂಗತಿ.

ಚೀಟಿ ಓದುವುದು ಹೇಗೆ?

ಡಬ್ಬಿಯಲ್ಲಿ ‘ನಿಯಾಸಿನಮೈಡ್’ ಅಥವಾ ‘ನಿಕೋಟಿನಮೈಡ್’ ಎಂದಿದ್ದರೆ ಉರಿ ಬಾರದು. ಬಿ-ಕಾಂಪ್ಲೆಕ್ಸ್ ಕ್ಯಾಪ್ಸೂಲ್‌ಗಳಲ್ಲಿ 50ರಿಂದ 100 ಮಿಲಿಗ್ರಾಂವರೆಗೆ ಇರುವುದು ಸಾಮಾನ್ಯವಾಗಿ ಇದೇ. ವೈದ್ಯರು ಹೇಳಿದ ಅವಧಿಗೆ ಸೇವಿಸಿದರೆ ಆತಂಕವಿಲ್ಲ. ‘ನಿಕೋಟಿನಿಕ್ ಆಸಿಡ್’ ಎಂದಿದ್ದರೆ, ಅಥವಾ ಬರಿದೆ ‘ನಿಯಾಸಿನ್’ ಎಂದಿದ್ದು 250, 500 ಮಿಲಿಗ್ರಾಂ ಎಂಬ ಅಂಕಿ ಇದ್ದರೆ ಅದು ಔಷಧದ ಪ್ರಮಾಣ ಎಂದು ತಿಳಿಯಬೇಕು. ಪೂರಕಗಳ ಮೂಲಕ ಸೇವಿಸುವ ನಿಯಾಸಿನ್‌ಗೆ ಅಮೆರಿಕ ನಿಗದಿಪಡಿಸಿರುವ ಮೇಲ್ಮಿತಿ ದಿನಕ್ಕೆ 35 ಮಿಲಿಗ್ರಾಂ. ಯುರೋಪಿನ ತಜ್ಞರು ಎರಡನ್ನೂ ಬೇರ್ಪಡಿಸಿ ನಿಕೋಟಿನಿಕ್ ಆಮ್ಲಕ್ಕೆ 10, ನಿಕೋಟಿನಮೈಡ್‌ಗೆ 900 ಮಿಲಿಗ್ರಾಂ ಎಂದು ಮಿತಿ ಹಾಕಿದ್ದಾರೆ. ಊಟದಲ್ಲಿ ಸಹಜವಾಗಿ ಸಿಗುವುದಕ್ಕೆ ಈ ಮಿತಿಗಳು ಅನ್ವಯಿಸವು. ಎರಡು ಮೂರು ಡಬ್ಬಿಗಳನ್ನು ಒಟ್ಟಿಗೆ ಬಳಸುವವರು ಎಲ್ಲದರ ಅಂಕಿಗಳನ್ನೂ ಕೂಡಿ ನೋಡಬೇಕು.

ಕಮರ್ಷಿಯಲ್ ಸ್ಟ್ರೀಟ್‌ನ ಸೌಂದರ್ಯವರ್ಧಕ ಅಂಗಡಿಗಳಲ್ಲಿ ಸಿಗುವ ನಿಯಾಸಿನಮೈಡ್ ಸೀರಮ್ ಹಚ್ಚಿಕೊಳ್ಳುವುದಕ್ಕೆ ಮಾತ್ರ. ಮೊಡವೆ, ಕಲೆಗೆ ಅದು ಸ್ವಲ್ಪ ಮಟ್ಟಿಗೆ ಉಪಯುಕ್ತ. ಅದನ್ನು ಹಚ್ಚಿದರೆ ಮೇಲೆ ಹೇಳಿದ ಲಿವರ್ ತೊಂದರೆಗಳ ಭಯವಿಲ್ಲ.

ಮಾತ್ರೆ ನುಂಗಿದ ಮೇಲೆ ಉರಿ ಮಾತ್ರ ಇದ್ದರೆ ತಂಪಾದ ಜಾಗದಲ್ಲಿ ಕುಳಿತು ನೀರು ಕುಡಿದರೆ ಸಾಕು. ಉಸಿರಾಟಕ್ಕೆ ತೊಂದರೆ, ತುಟಿ ಊತ, ಎದೆನೋವು ಇದ್ದರೆ ಅದು ಫ್ಲಶ್ ಎಂದು ಕಾಯದೆ 108ಕ್ಕೆ ಕರೆ ಮಾಡಬೇಕು. ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಬಿಡದ ವಾಕರಿಕೆ, ದೃಷ್ಟಿ ಮಂಜಾಗುವುದು ಇವುಗಳಲ್ಲಿ ಯಾವುದು ಕಂಡರೂ ಮಾತ್ರೆ ನಿಲ್ಲಿಸಿ, ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ.